ಮಗುವಿನ ಹೃದಯ ಶಸ್ತ್ರಚಿಕಿತ್ಸೆ: ಬಿಲ್ಲಿನ ಭಾಷೆಯನ್ನೂ ಅರಿಯೋಣ

ಹುಟ್ಟುವಾಗಲೇ ಹೃದಯದಲ್ಲಿ ದೋಷವನ್ನು ಹೊತ್ತು ಬರುವ ಶಿಶುಗಳ ಸಂಖ್ಯೆ ನಾವು ಸಾಮಾನ್ಯವಾಗಿ ಭಾವಿಸುವುದಕ್ಕಿಂತ ಹೆಚ್ಚು. ಸಾವಿರ ಶಿಶುಗಳು ಜನಿಸಿದರೆ ಅವುಗಳಲ್ಲಿ ಸುಮಾರು 8ರಿಂದ 9 ಶಿಶುಗಳಿಗೆ ಒಂದಲ್ಲ ಒಂದು ಬಗೆಯ ಜನ್ಮಜಾತ ಹೃದಯದೋಷವಿರುತ್ತದೆ. ಇವರಲ್ಲಿ ಸುಮಾರು ಕಾಲುಭಾಗದಷ್ಟು ಮಕ್ಕಳಿಗೆ ಹುಟ್ಟಿದ ಮೊದಲ ವರ್ಷದಲ್ಲಿಯೇ ಶಸ್ತ್ರಚಿಕಿತ್ಸೆ ಅಥವಾ ಅದಕ್ಕೆ ಸಮನಾದ ಬೇರೆ ಚಿಕಿತ್ಸೆ ಬೇಕಾಗುತ್ತದೆ. ರೋಗದ ಲಕ್ಷಣಗಳು ಯಾವುವು, ಯಾವ ವಯಸ್ಸಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಬೇಕು ಎಂಬ ವಿಷಯಗಳನ್ನು ವೈದ್ಯರು ತಿಳಿಸಿ ಹೇಳುತ್ತಾರೆ. ಆದರೆ ಆಸ್ಪತ್ರೆಯ ಮೆಟ್ಟಿಲು ಹತ್ತಿದ ತಂದೆತಾಯಿಗಳು ವೈದ್ಯರ ಕೊಠಡಿಯಲ್ಲಿ ಕಳೆಯುವ ಹೊತ್ತಿಗಿಂತ ಹೆಚ್ಚು ಹೊತ್ತನ್ನು ಬಿಲ್ಲಿಂಗ್ ಕೌಂಟರಿನ ಮುಂದೆ ಕಳೆಯುತ್ತಾರೆ. ಅಲ್ಲಿನ ಭಾಷೆಯನ್ನು ಅವರಿಗೆ ಯಾರೂ ಕಲಿಸಿರುವುದಿಲ್ಲ. ಈ ಸಂಚಿಕೆಯ ಆರೋಗ್ಯ ವಿಭಾಗದಲ್ಲಿ ಆ ಭಾಷೆಯನ್ನು ಕುರಿತು ಬರೆಯಲು ನಾವು ಮುಂದಾಗಿದ್ದೇವೆ.

ಇದು ಲೆಕ್ಕಪತ್ರದ ಒಣ ವಿಷಯವೆಂದು ಸದ್ಭಕ್ತರು ಪುಟ ತಿರುವಬಾರದು. ಮಗುವಿನ ಕಾಯಿಲೆಗೆ ಕಾಗದದ ಮೇಲೆ ಯಾವ ಹೆಸರು ಬಿದ್ದಿದೆ, ಮಾಡಲಿರುವ ಚಿಕಿತ್ಸೆಗೆ ಯಾವ ಹೆಸರು ಬಿದ್ದಿದೆ ಎಂಬ ಎರಡು ಸಂಗತಿಗಳ ಮೇಲೆಯೇ ಹಣವನ್ನು ಸರ್ಕಾರ ಕೊಡುತ್ತದೆಯೋ, ವಿಮಾ ಕಂಪನಿ ಕೊಡುತ್ತದೆಯೋ ಅಥವಾ ಮನೆಯವರು ಹೊಲ ಅಡವಿಟ್ಟು ಕೊಡಬೇಕೋ ಎಂಬುದು ನಿರ್ಧಾರವಾಗುತ್ತದೆ. ಹೆಸರು ತಪ್ಪಿದರೆ ಅನುಮತಿ ತಡವಾಗುತ್ತದೆ. ಈ ಮಕ್ಕಳ ವಿಷಯದಲ್ಲಿ ತಡವೆಂಬುದು ಬರೀ ಅನಾನುಕೂಲವಲ್ಲ. ಹೃದಯದ ಕೆಳಗಿನ ಎರಡು ಕೋಣೆಗಳ ನಡುವೆ ದೊಡ್ಡ ರಂಧ್ರವಿರುವ ಮಗುವಿನಲ್ಲಿ ಶ್ವಾಸಕೋಶಗಳಿಗೆ ಅತಿಯಾಗಿ ರಕ್ತ ನುಗ್ಗುತ್ತಾ, ಅಲ್ಲಿನ ರಕ್ತನಾಳಗಳು ಕ್ರಮೇಣ ಬಿರುಸಾಗುತ್ತವೆ. ಅದು ಒಂದು ಹಂತವನ್ನು ದಾಟಿತೆಂದರೆ ರಂಧ್ರವನ್ನು ಮುಚ್ಚುವುದೇ ಅಪಾಯಕರವಾಗಿ, ಶಸ್ತ್ರಚಿಕಿತ್ಸೆಯ ಬಾಗಿಲೇ ಮುಚ್ಚಿಹೋಗುತ್ತದೆ. ಮಹಾಪಧಮನಿ ಮತ್ತು ಪುಪ್ಪುಸ ಅಪಧಮನಿಗಳು ಅದಲುಬದಲಾಗಿ ಹುಟ್ಟಿದ ಶಿಶುವಿಗಂತೂ ಮೊದಲ ಕೆಲವು ವಾರಗಳಲ್ಲಿಯೇ ಶಸ್ತ್ರಚಿಕಿತ್ಸೆ ಆಗಬೇಕು. ಅಂಥ ಮನೆಯಲ್ಲಿ ಒಂದು ಕಾಗದಕ್ಕಾಗಿ ವಾರಗಟ್ಟಲೆ ಅಲೆಯುವಷ್ಟು ಕಾಲಾವಕಾಶವಿರುವುದಿಲ್ಲ.

‘ಹೃದಯದಲ್ಲಿ ರಂಧ್ರ’ ಎಂಬುದು ಒಂದು ರೋಗದ ಹೆಸರಲ್ಲ

ನಮ್ಮ ಜನ ಆಡುಮಾತಿನಲ್ಲಿ ‘ಹಾರ್ಟಿನಲ್ಲಿ ಹೋಲು’ ಎನ್ನುತ್ತಾರೆ. ಆದರೆ ರಂಧ್ರ ಎಲ್ಲಿದೆ ಎಂಬುದರ ಮೇಲೆ ಕಾಯಿಲೆಯೂ ಚಿಕಿತ್ಸೆಯೂ ಖರ್ಚೂ ಬೇರೆಬೇರೆಯಾಗುತ್ತವೆ. ಮೇಲಿನ ಎರಡು ಕೋಣೆಗಳಾದ ಹೃತ್ಕರ್ಣಗಳ ನಡುವಿನ ರಂಧ್ರ ಎಎಸ್‌ಡಿ. ಕೆಳಗಿನ ಹೃತ್ಕುಕ್ಷಿಗಳ ನಡುವಿನದು ವಿಎಸ್‌ಡಿ. ಗರ್ಭದಲ್ಲಿದ್ದಾಗ ತೆರೆದಿದ್ದು, ಹುಟ್ಟಿದ ಕೆಲವೇ ದಿನಗಳಲ್ಲಿ ಮುಚ್ಚಬೇಕಾಗಿದ್ದ ನಾಳವು ಮುಚ್ಚದೆ ಉಳಿದರೆ ಅದು ಪಿಡಿಎ. ನಾಲ್ಕು ದೋಷಗಳು ಒಟ್ಟಾಗಿ ಸೇರಿ ಮಗುವಿನ ತುಟಿ, ಉಗುರುಗಳು ನೀಲಿಗಟ್ಟುವಂತೆ ಮಾಡುವ ಕಾಯಿಲೆಗೆ ಟೆಟ್ರಾಲಜಿ ಆಫ್ ಫ್ಯಾಲೋ ಎಂದು ಹೆಸರು. 1888ರಲ್ಲಿ ಅದನ್ನು ವಿವರವಾಗಿ ವರ್ಣಿಸಿದ ಫ್ರೆಂಚ್ ವೈದ್ಯ ಫ್ಯಾಲೋ ಅವರ ಹೆಸರೇ ಅದಕ್ಕೆ ನಿಂತಿದೆ.

ಜಗತ್ತಿನ ಎಲ್ಲ ರೋಗಗಳಿಗೂ ಒಂದೊಂದು ಸಂಕೇತಸಂಖ್ಯೆಯನ್ನು ಕೊಟ್ಟಿರುವ ಗ್ರಂಥವೊಂದನ್ನು ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸುತ್ತದೆ. ಅದನ್ನು ಸಂಕ್ಷೇಪವಾಗಿ ಐಸಿಡಿ ಎನ್ನುತ್ತಾರೆ. ಇದರ ಮೂಲ 1893ರಷ್ಟು ಹಿಂದಕ್ಕೆ ಹೋಗುತ್ತದೆ. ಆಗ ಅದು ಕೇವಲ ಸಾವಿನ ಕಾರಣಗಳ ಪಟ್ಟಿಯಾಗಿತ್ತು. ಸತ್ತವರನ್ನು ಎಣಿಸಲೆಂದು ಹುಟ್ಟಿದ ಪಟ್ಟಿ ಇಂದು ಬದುಕಬೇಕಾದ ಮಕ್ಕಳ ಚಿಕಿತ್ಸೆಗೆ ಹಣ ಬಿಡುಗಡೆ ಮಾಡಿಸುವ ಸಾಧನವಾಗಿರುವುದು ಸೋಜಿಗವೇ ಸರಿ. ಇದರ ಹನ್ನೊಂದನೆಯ ಆವೃತ್ತಿ 2022ರ ಜನವರಿ 1ರಿಂದ ಜಾರಿಗೆ ಬಂದಿದ್ದರೂ ಆಸ್ಪತ್ರೆಗಳ ಕಾಗದಗಳಲ್ಲಿ ಹತ್ತನೆಯ ಆವೃತ್ತಿಯ ಸಂಕೇತಗಳೇ ಇನ್ನೂ ಹೆಚ್ಚಾಗಿ ಕಾಣುತ್ತವೆ. ಅದರಲ್ಲಿ ಹೃದಯ ಮತ್ತು ರಕ್ತನಾಳಗಳ ಜನ್ಮಜಾತ ದೋಷಗಳಿಗೆ ಕ್ಯೂ 20ರಿಂದ ಕ್ಯೂ 28ರವರೆಗಿನ ಸಂಖ್ಯೆಗಳನ್ನು ಮೀಸಲಿಟ್ಟಿದ್ದಾರೆ. ವಿಎಸ್‌ಡಿ ಎಂದರೆ ಕ್ಯೂ 21.0, ಎಎಸ್‌ಡಿ ಎಂದರೆ ಕ್ಯೂ 21.1, ಟೆಟ್ರಾಲಜಿ ಎಂದರೆ ಕ್ಯೂ 21.3, ಪಿಡಿಎ ಎಂದರೆ ಕ್ಯೂ 25.0.

ಈ ಅಕ್ಷರಕ್ಕೆ ಎಷ್ಟು ಬೆಲೆಯಿದೆ ಎಂಬುದನ್ನು ನೋಡಿ. ಹೃದಯಾಘಾತದ ನಂತರ ವಯಸ್ಕರಲ್ಲಿ ಹೃದಯದ ಗೋಡೆ ಹರಿದು ಉಂಟಾಗುವ ರಂಧ್ರಗಳಂಥವು ಜನ್ಮಜಾತವಲ್ಲ, ನಂತರ ಬಂದವು. ಇವುಗಳಿಗೆ ಬೇರೆಯೇ ಅಧ್ಯಾಯ, ಬೇರೆಯೇ ಅಕ್ಷರ: ಹೃದಯದ ನಡುಗೋಡೆಯಲ್ಲಿ ಹೀಗೆ ತರುವಾಯ ಉಂಟಾದ ರಂಧ್ರಕ್ಕೆ ಐ 51.0 ಎಂಬ ಸಂಕೇತವಿದೆ. ಎರಡೂ ರಂಧ್ರಗಳೇ. ಆದರೆ ಐದು ವರ್ಷದ ಮಗುವಿನ ಕಾಗದದಲ್ಲಿ ಕ್ಯೂ ಎಂಬ ಅಕ್ಷರದ ಜಾಗದಲ್ಲಿ ಐ ಎಂದು ನಮೂದಾದರೆ, ದೂರದ ಕಚೇರಿಯಲ್ಲಿ ಕುಳಿತು ಕಡತ ಪರಿಶೀಲಿಸುವವರಿಗೆ ಲೆಕ್ಕ ತಾಳೆಯಾಗುವುದಿಲ್ಲ. ಅವರು ಪ್ರಶ್ನೆಯೊಂದನ್ನು ಬರೆದು ಕಡತವನ್ನು ಹಿಂದಕ್ಕೆ ಕಳಿಸುತ್ತಾರೆ. ತಪ್ಪು ಒಂದೇ ಅಕ್ಷರದ್ದು, ಕಾಯಬೇಕಾದದ್ದು ಮಾತ್ರ ಮಗು.

ಇನ್ನೂ ಸೂಕ್ಷ್ಮವಾದ ಸಂಗತಿಯೊಂದಿದೆ. ಗರ್ಭಸ್ಥ ಶಿಶುವಿನ ಹೃತ್ಕರ್ಣಗಳ ನಡುವೆ ಒಂದು ಸಣ್ಣ ಕಿಂಡಿ ಸ್ವಾಭಾವಿಕವಾಗಿಯೇ ಇರುತ್ತದೆ. ಹುಟ್ಟಿದ ಮೇಲೆ ಅದು ಮೆಲ್ಲಗೆ ಮುಚ್ಚಿಕೊಳ್ಳುತ್ತದೆ. ಸುಮಾರು ನಾಲ್ವರಲ್ಲಿ ಒಬ್ಬರಿಗೆ ಪ್ರೌಢವಯಸ್ಸಿನಲ್ಲಿಯೂ ಅದು ಪೂರ್ತಿ ಮುಚ್ಚದೆ ಉಳಿದು, ಬಹುತೇಕರಿಗೆ ಯಾವ ತೊಂದರೆಯನ್ನೂ ಕೊಡುವುದಿಲ್ಲ. ಇದಕ್ಕೆ ಪಿಎಫ್‌ಒ ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಹತ್ತನೆಯ ಆವೃತ್ತಿಯಲ್ಲಿ ಈ ನಿರುಪದ್ರವಿ ಕಿಂಡಿಗೂ, ಶಸ್ತ್ರಚಿಕಿತ್ಸೆ ಬೇಕಾಗುವ ದೊಡ್ಡ ಎಎಸ್‌ಡಿಗೂ ಒಂದೇ ಸಂಖ್ಯೆ: ಕ್ಯೂ 21.1. ಎರಡು ದಿನದ ಶಿಶುವಿಗೆ ಎಕೋ ಪರೀಕ್ಷೆ ಮಾಡಿ, ಪಿಎಫ್‌ಒ ಕಂಡು, ಈ ಸಂಖ್ಯೆಯನ್ನು ಬರೆದುಬಿಟ್ಟರೆ ಮುಂದೆ ಆ ಮಗುವಿಗೆ ವಿಮೆ ಮಾಡಿಸುವಾಗ ‘ಜನ್ಮಜಾತ ಹೃದಯರೋಗ’ ಎಂಬ ಹಣೆಪಟ್ಟಿ ಎದುರಾಗಬಹುದು. ಆದ್ದರಿಂದ ಡಿಸ್ಚಾರ್ಜ್ ಸಮ್ಮರಿಯಲ್ಲಿ ಸಂಖ್ಯೆಯ ಜೊತೆಗೆ ‘ಪಿಎಫ್‌ಒ, ನವಜಾತ ಶಿಶುವಿನಲ್ಲಿ ಸಹಜ’ ಎಂಬ ಅರ್ಥದ ವಾಕ್ಯವನ್ನು ಬರೆಯಿಸಿಕೊಳ್ಳಬೇಕು. ಕೆಲವು ತಿಂಗಳ ನಂತರ ಮತ್ತೊಮ್ಮೆ ಎಕೋ ಮಾಡಿದಾಗ ಅದು ಮುಚ್ಚಿದ್ದರೆ ಆ ವರದಿಯನ್ನೂ ಜೋಪಾನವಾಗಿಡಬೇಕು.

ಚಿಕಿತ್ಸೆಗೆ ಇನ್ನೊಂದು ಹೆಸರು

ರೋಗದ ಸಂಕೇತ ಒಂದಾದರೆ ಚಿಕಿತ್ಸೆಯ ಸಂಕೇತ ಮತ್ತೊಂದು. ಸರ್ಕಾರಿ ಯೋಜನೆಗಳಲ್ಲಿ ಹಣ ನಿಗದಿಯಾಗುವುದು ಈ ಎರಡನೆಯದರ ಮೇಲೆ. ಇದನ್ನು ‘ಪ್ಯಾಕೇಜ್’ ಎನ್ನುತ್ತಾರೆ. ಒಂದೇ ಎಎಸ್‌ಡಿಯನ್ನು ಎದೆ ತೆರೆದು ತೇಪೆ ಹಾಕಿ ಮುಚ್ಚಬಹುದು. ರಂಧ್ರದ ಜಾಗ, ಗಾತ್ರ, ಅಂಚುಗಳು ಅನುಕೂಲವಾಗಿದ್ದರೆ ತೊಡೆಯ ರಕ್ತನಾಳದ ಮೂಲಕ ಕೊಡೆಯಂಥ ಸಾಧನವೊಂದನ್ನು ಕಳಿಸಿಯೂ ಮುಚ್ಚಬಹುದು. ಮೊದಲನೆಯದನ್ನು ಹೃದಯ ಶಸ್ತ್ರತಜ್ಞರು ಮಾಡುತ್ತಾರೆ, ಎರಡನೆಯದನ್ನು ಮಕ್ಕಳ ಹೃದ್ರೋಗತಜ್ಞರು. ಪ್ಯಾಕೇಜ್ ಪಟ್ಟಿಯಲ್ಲಿಯೂ ಇವೆರಡು ಬೇರೆ ವಿಭಾಗಗಳಲ್ಲಿ, ಬೇರೆ ದರಗಳಲ್ಲಿ ಇವೆ. ಸಾಧನ ಹಾಕಲು ಅನುಮತಿ ಪಡೆದು ಒಳಗೆ ಹೋದ ಮೇಲೆ ಅದು ನಿಲ್ಲುವುದಿಲ್ಲವೆಂದು ತಿಳಿದು ಶಸ್ತ್ರಚಿಕಿತ್ಸೆಯೇ ಬೇಕಾದರೆ, ಮೊದಲಿನ ಅನುಮತಿ ಅದಕ್ಕೆ ಸಾಲುವುದಿಲ್ಲ, ಪ್ಯಾಕೇಜ್ ಬದಲಾಯಿಸಬೇಕಾಗುತ್ತದೆ. ಅದು ಆಸ್ಪತ್ರೆಯವರ ಕೆಲಸವೇ ಆದರೂ, ‘ಒಂದುವೇಳೆ ಯೋಜನೆ ಬದಲಾದರೆ ಅನುಮತಿಯನ್ನು ಹೇಗೆ ಬದಲಾಯಿಸುತ್ತೀರಿ?’ ಎಂದು ಮೊದಲೇ ಕೇಳಿಡುವುದು ಜಾಣತನ.

ಕರ್ನಾಟಕದಲ್ಲಿ ಈ ಬಗೆಯ ನೆರವು ಒಂದೇ ದಿನದಲ್ಲಿ ಬಂದದ್ದಲ್ಲ. ಸಹಕಾರ ಸಂಘಗಳ ಸದಸ್ಯರಿಗಾಗಿ ಯಶಸ್ವಿನಿ ಯೋಜನೆ 2003ರಲ್ಲಿ ಕಾರ್ಯಾರಂಭ ಮಾಡಿತು. ವಾಜಪೇಯಿ ಆರೋಗ್ಯಶ್ರೀ 2010ರಲ್ಲಿ ಮೊದಲು ಕಲಬುರಗಿ ವಿಭಾಗದಲ್ಲಿ ಆರಂಭವಾಯಿತು. ಅನೇಕ ಯೋಜನೆಗಳನ್ನು ಒಗ್ಗೂಡಿಸಿ 2018ರ ಮಾರ್ಚ್‌ನಲ್ಲಿ ಆರೋಗ್ಯ ಕರ್ನಾಟಕವನ್ನು ತಂದರು. ಅದೇ ವರ್ಷ ಕೇಂದ್ರದ ಆಯುಷ್ಮಾನ್ ಭಾರತದೊಡನೆ ಅದು ಸೇರಿ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕವೆನಿಸಿತು. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಇದನ್ನು ನಡೆಸುತ್ತದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು ನೆರವು, ವರ್ಷಕ್ಕೆ 1.5 ಲಕ್ಷ ರೂಪಾಯಿ ಮಿತಿಯಲ್ಲಿ. ಇಲ್ಲಿ ಅನೇಕರು ಎಡವುತ್ತಾರೆ: ಶೇ. 30 ಎಂಬುದು ಆಸ್ಪತ್ರೆಯ ಬಿಲ್ಲಿನ ಶೇ. 30 ಅಲ್ಲ, ಸರ್ಕಾರ ಗೊತ್ತುಮಾಡಿದ ಪ್ಯಾಕೇಜ್ ದರದ ಶೇ. 30. ಆಸ್ಪತ್ರೆಯ ದರ ಹೆಚ್ಚಿದ್ದಷ್ಟೂ ಮನೆಯವರ ಪಾಲು ಬೆಳೆಯುತ್ತದೆ.

ಪ್ಯಾಕೇಜ್ ಎಂದರೆ ಏನೆಲ್ಲ ಸೇರಿದೆ ಎಂಬುದನ್ನು ತಿಳಿದಿರಬೇಕು. ಹಾಸಿಗೆ, ಶುಶ್ರೂಷೆ, ಶಸ್ತ್ರತಜ್ಞರ ಹಾಗೂ ಅರಿವಳಿಕೆ ತಜ್ಞರ ಶುಲ್ಕ, ಶಸ್ತ್ರಚಿಕಿತ್ಸಾ ಕೊಠಡಿ, ತೀವ್ರ ನಿಗಾ ಘಟಕ, ಔಷಧಗಳು, ರಕ್ತ, ಪರೀಕ್ಷೆಗಳು, ರೋಗಿಯ ಊಟ ಇವೆಲ್ಲ ಅದರೊಳಗೇ ಬರುತ್ತವೆ. ಆಯುಷ್ಮಾನ್ ಭಾರತದ ನಿಯಮದಂತೆ ದಾಖಲಾಗುವ ಮೊದಲಿನ 3 ದಿನ ಮತ್ತು ಬಿಡುಗಡೆಯ ನಂತರದ 15 ದಿನಗಳ ಔಷಧ, ಪರೀಕ್ಷೆಗಳೂ ಸೇರುತ್ತವೆ. ಬಿಪಿಎಲ್ ಕುಟುಂಬದ ಮಗುವಿಗೆ ಅನುಮತಿ ಸಿಕ್ಕಿದ ಮೇಲೆ, ಅದೇ ಚಿಕಿತ್ಸೆಗಾಗಿ ‘ಔಷಧವನ್ನು ಹೊರಗಿನಿಂದ ತನ್ನಿ’, ‘ಸಾಮಗ್ರಿಗೆ ಬೇರೆ ಹಣ ಕಟ್ಟಿ’ ಎಂದು ಕೇಳುವಂತಿಲ್ಲ. ಕೇಳಿದರೆ ರಸೀದಿ ಪಡೆದು, ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರಿಗೆ ತಿಳಿಸಬೇಕು. ಅಲ್ಲಿಯೂ ಪರಿಹಾರ ಸಿಗದಿದ್ದರೆ ಆಯುಷ್ಮಾನ್ ಸಹಾಯವಾಣಿ 14555 ಅಥವಾ ರಾಜ್ಯದ ಆರೋಗ್ಯ ಸಹಾಯವಾಣಿ 104ಕ್ಕೆ ಕರೆ ಮಾಡಬಹುದು. ರಸೀದಿಯಿಲ್ಲದೆ ಹಣ ಕೊಟ್ಟು, ನಂತರ ದೂರು ಹೇಳಿದರೆ ಕೇಳುವವರ ಕೈಯೂ ಕಟ್ಟಿಹಾಕಿದಂತಾಗುತ್ತದೆ.

ಒಂದೇ ಬಾರಿಗೆ ಎರಡು ದೋಷಗಳನ್ನು ಸರಿಪಡಿಸುವುದು ಮಕ್ಕಳ ಹೃದಯ ಶಸ್ತ್ರಚಿಕಿತ್ಸೆಯಲ್ಲಿ ಸಾಮಾನ್ಯ. ವಿಎಸ್‌ಡಿ ಮುಚ್ಚುವಾಗ ಪಿಡಿಎಯನ್ನೂ ಕಟ್ಟಿಬಿಡುತ್ತಾರೆ. ಆಯುಷ್ಮಾನ್ ಭಾರತದಲ್ಲಿ ಹೀಗೆ ಎರಡು ಮೂರು ಶಸ್ತ್ರಚಿಕಿತ್ಸೆಗಳು ಒಟ್ಟಿಗೇ ಆದಾಗ ಹೆಚ್ಚಿನ ದರದ್ದಕ್ಕೆ ಪೂರ್ಣ ಹಣ, ಎರಡನೆಯದಕ್ಕೆ ಶೇ. 50, ಮೂರನೆಯದಕ್ಕೆ ಶೇ. 25 ಎಂಬ ಲೆಕ್ಕವಿದೆ. ಮೊದಲನೆಯದರ ದರ 1 ಲಕ್ಷ, ಎರಡನೆಯದರದು 40 ಸಾವಿರ ಎಂದು ಕಲ್ಪಿಸಿಕೊಂಡರೆ, ಕುಟುಂಬದ 5 ಲಕ್ಷದ ಮಿತಿಯಿಂದ ಕಳೆಯಬೇಕಾದದ್ದು 1 ಲಕ್ಷದ 20 ಸಾವಿರವೇ ಹೊರತು 1 ಲಕ್ಷದ 40 ಸಾವಿರವಲ್ಲ. ಹಾಗೆಯೇ, ಒಂದೇ ಹೃತ್ಕುಕ್ಷಿಯೊಡನೆ ಹುಟ್ಟಿದ ಮಕ್ಕಳಿಗೆ ಹಲವು ಹಂತಗಳ ಶಸ್ತ್ರಚಿಕಿತ್ಸೆ ವರ್ಷಗಳ ಅಂತರದಲ್ಲಿ ನಡೆಯುತ್ತದೆ. ಪ್ರತಿ ಹಂತಕ್ಕೂ ಪ್ರತ್ಯೇಕ ಅನುಮತಿ ಬೇಕು. ಅದೇ ವರ್ಷದಲ್ಲಿ ಮನೆಯ ಹಿರಿಯರ ಚಿಕಿತ್ಸೆಗೂ ಇದೇ 5 ಲಕ್ಷದಿಂದ ಹಣ ಹೋಗಿದ್ದರೆ ಉಳಿದಿರುವುದೆಷ್ಟು ಎಂದು ಆರೋಗ್ಯಮಿತ್ರರಲ್ಲಿ ಮೊದಲೇ ವಿಚಾರಿಸಬೇಕು.

ಅನುಮತಿ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ?

ಸಂಕೇತಗಳಿಗಿಂತ ಹೆಚ್ಚಾಗಿ ಜನರನ್ನು ಅಲೆದಾಡಿಸುವುದು ಮಗುವಿನ ಹೆಸರು. ಹೆರಿಗೆಯಾದ ಆಸ್ಪತ್ರೆಯಲ್ಲಿ ತಾಯಿಯ ಹೆಸರಿನ ಹಿಂದೆ ‘ಬೇಬಿ ಆಫ್’ ಎಂದು ಸೇರಿಸಿ ಬರೆದಿರುತ್ತಾರೆ. ಮೊದಲ ಎಕೋ ವರದಿ ಆ ಹೆಸರಿನಲ್ಲಿಯೇ ಇರುತ್ತದೆ. ತೊಟ್ಟಿಲು ಶಾಸ್ತ್ರದಲ್ಲಿ ಇಟ್ಟ ಹೆಸರು ಒಂದು, ಮನೆಯಲ್ಲಿ ಕರೆಯುವ ಹೆಸರು ಇನ್ನೊಂದು. ಜನನ ಪ್ರಮಾಣಪತ್ರದಲ್ಲಿ ತಂದೆಯ ಹೆಸರಿನ ಕಾಗುಣಿತ ಒಂದು, ಪಡಿತರ ಚೀಟಿಯಲ್ಲಿ ಮತ್ತೊಂದು. ನಮ್ಮ ಕಡೆ ಬಸಪ್ಪ, ಬಸವ್ವರ ಹೆಸರುಗಳನ್ನು ಇಂಗ್ಲಿಷಿನಲ್ಲಿ ಎಷ್ಟು ಬಗೆಯಾಗಿ ಬರೆಯುತ್ತಾರೆಂಬುದು ಗುಮಾಸ್ತರಿಗೇ ಗೊತ್ತು! ಕಂಪ್ಯೂಟರಿಗೆ ಇವರೆಲ್ಲ ಬೇರೆಬೇರೆ ವ್ಯಕ್ತಿಗಳು. ಮಗುವಿಗೆ ಹೃದಯದೋಷವಿದೆಯೆಂದು ತಿಳಿದ ಕೂಡಲೇ ಜನನ ಪ್ರಮಾಣಪತ್ರದಲ್ಲಿ ಹೆಸರು ನೋಂದಾಯಿಸಿ, ಅದೇ ಕಾಗುಣಿತದಲ್ಲಿ ಆಧಾರ್ ಮಾಡಿಸಿ, ಪಡಿತರ ಚೀಟಿಗೆ ಸೇರಿಸಲು ಅರ್ಜಿ ಹಾಕಬೇಕು. ಐದು ವರ್ಷದೊಳಗಿನ ಮಕ್ಕಳ ಆಧಾರ್‌ಗೆ ಬೆರಳಚ್ಚು ಬೇಕಾಗಿಲ್ಲ. ಹಳೆಯ ‘ಬೇಬಿ ಆಫ್’ ವರದಿಯೂ ಹೊಸ ಹೆಸರೂ ಒಂದೇ ಮಗುವಿನದೆಂದು ಆಸ್ಪತ್ರೆಯಿಂದ ಒಂದು ಪತ್ರ ಬರೆಸಿಕೊಂಡರೆ ಮುಂದಿನ ತೊಡಕು ತಪ್ಪುತ್ತದೆ.

ಎರಡನೆಯದು ರೆಫರಲ್ ಪತ್ರ. ತುರ್ತು ಚಿಕಿತ್ಸೆಗಳನ್ನು ಬಿಟ್ಟರೆ, ಖಾಸಗಿ ಆಸ್ಪತ್ರೆಯಲ್ಲಿ ಯೋಜನೆಯ ಲಾಭ ಪಡೆಯಲು ಸರ್ಕಾರಿ ಆಸ್ಪತ್ರೆಯಿಂದ ಶಿಫಾರಸು ಬೇಕು. ಅದರಲ್ಲಿ ‘ಹೃದ್ರೋಗ, ಹೆಚ್ಚಿನ ಚಿಕಿತ್ಸೆಗೆ’ ಎಂದಷ್ಟೇ ಬರೆದರೆ ಸಾಲದು. ಎಕೋ ವರದಿಯಲ್ಲಿರುವ ರೋಗದ ಪೂರ್ಣ ಹೆಸರು, ರಂಧ್ರದ ಗಾತ್ರ, ಸೂಚಿಸಿರುವ ಚಿಕಿತ್ಸೆ ಇವು ಸ್ಪಷ್ಟವಾಗಿರಬೇಕು. ಎಕೋ ವರದಿಯ ಕೊನೆಯಲ್ಲಿ ‘ಇಂಪ್ರೆಷನ್’ ಎಂಬ ಭಾಗವಿರುತ್ತದೆ. ರೆಫರಲ್ ಪತ್ರ, ಖರ್ಚಿನ ಅಂದಾಜು, ಅನುಮತಿ ಪತ್ರ ಈ ಮೂರರಲ್ಲಿಯೂ ಆ ಭಾಗದ ಮಾತುಗಳೇ ಇವೆಯೇ ಎಂದು ಪಕ್ಕಪಕ್ಕದಲ್ಲಿಟ್ಟು ಹೋಲಿಸಿ ನೋಡಿರಿ. ಇದಕ್ಕೆ ವೈದ್ಯಶಾಸ್ತ್ರ ಗೊತ್ತಿರಬೇಕಾಗಿಲ್ಲ. ಹೈಸ್ಕೂಲು ಓದುವ ಮಗಳೊಬ್ಬಳು ಮನೆಯಲ್ಲಿದ್ದರೆ ಸಾಕು, ಅಕ್ಷರಗಳನ್ನು ಹೋಲಿಸಿ ಹೇಳುತ್ತಾಳೆ.

ಅಂಗನವಾಡಿ ಮತ್ತು ಸರ್ಕಾರಿ, ಅನುದಾನಿತ ಶಾಲೆಗಳ ಮಕ್ಕಳಿಗೆ ಇನ್ನೊಂದು ದಾರಿಯಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡಗಳು ಅಂಗನವಾಡಿಗೆ ವರ್ಷಕ್ಕೆ ಎರಡು ಬಾರಿ, ಶಾಲೆಗೆ ಒಂದು ಬಾರಿ ಬಂದು ಮಕ್ಕಳನ್ನು ಪರೀಕ್ಷಿಸುತ್ತವೆ. ಜನ್ಮಜಾತ ಹೃದಯದೋಷ ಅವರು ಹುಡುಕುವ ಕಾಯಿಲೆಗಳಲ್ಲಿ ಒಂದು. ಹುಟ್ಟಿನಿಂದ 18 ವರ್ಷದವರೆಗಿನವರಿಗೆ ಇದು ಅನ್ವಯಿಸುತ್ತದೆ. ಹಾಲು ಕುಡಿಯುವಾಗ ಬೆವರುವ, ತೂಕ ಏರದ, ಪದೇ ಪದೇ ನ್ಯುಮೋನಿಯಾ ಆಗುವ, ಅಳುವಾಗ ನೀಲಿಗಟ್ಟುವ ಮಗುವಿದ್ದರೆ ತಂಡ ಬರುವವರೆಗೂ ಕಾಯದೆ ಆಶಾ ಕಾರ್ಯಕರ್ತೆಗೆ ತಿಳಿಸಿ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಬೇಕು. ಈ ದಾರಿಯಲ್ಲಿ ಬಂದ ಮಗುವಿನ ಕಾಗದಪತ್ರಗಳು ಆರಂಭದಿಂದಲೇ ಸರ್ಕಾರಿ ದಾಖಲೆಯೊಳಗಿರುವುದರಿಂದ ಮುಂದಿನ ಹಾದಿ ಅಷ್ಟರಮಟ್ಟಿಗೆ ಸುಗಮವಾಗುತ್ತದೆ.

ಶಸ್ತ್ರಚಿಕಿತ್ಸೆಯ ನಂತರ ಮಗುವಿನ ಎದೆಯ ಗಾಯದ ಗುರುತನ್ನು ಸಿಬ್ಬಂದಿ ಫೋಟೋ ತೆಗೆಯುವುದನ್ನು ಕಂಡು ಕೆಲವು ತಾಯಂದಿರು ಮನನೊಂದುಕೊಳ್ಳುತ್ತಾರೆ. ಅದು ಪ್ರದರ್ಶನಕ್ಕಲ್ಲ. ಹೇಳಿದ ಚಿಕಿತ್ಸೆ ನಿಜವಾಗಿಯೂ ನಡೆಯಿತೆಂಬುದಕ್ಕೆ ಆಸ್ಪತ್ರೆ ಸಲ್ಲಿಸಬೇಕಾದ ಪುರಾವೆ. ಶಸ್ತ್ರಚಿಕಿತ್ಸೆಯ ಟಿಪ್ಪಣಿ, ನಂತರದ ಎಕೋ, ಡಿಸ್ಚಾರ್ಜ್ ಸಮ್ಮರಿಗಳೊಡನೆ ಅದೂ ಹೋಗುತ್ತದೆ.

ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ 2001ರಲ್ಲಿ ಆರಂಭವಾದ ಶ್ರೀ ಸತ್ಯಸಾಯಿ ಉನ್ನತ ವೈದ್ಯವಿಜ್ಞಾನ ಸಂಸ್ಥೆಯಂತಹ ಕಡೆ ಬಿಲ್ಲೆಂಬುದೇ ಇಲ್ಲ. ಜಯದೇವ ಹೃದ್ರೋಗ ಸಂಸ್ಥೆ ಬೆಂಗಳೂರಿನ ಜೊತೆಗೆ ಮೈಸೂರು, ಕಲಬುರಗಿಗಳಲ್ಲಿಯೂ ಇದೆ. ಯಾವ ಬಾಗಿಲಿಗೆ ಹೋದರೂ ರೋಗದ ಸರಿಯಾದ ಹೆಸರಿರುವ ಕಾಗದ ಕೈಯಲ್ಲಿದ್ದರೆ ಸರದಿಯಲ್ಲಿ ನಿಲ್ಲುವ ಕಾಲ ಕಡಿಮೆಯಾಗುತ್ತದೆ.

ಖಾಸಗಿ ವಿಮೆ: ‘ಹುಟ್ಟಿನಿಂದ’ ಎಂಬ ಒಂದು ಮಾತು

ಖಾಸಗಿ ವಿಮೆಯಿರುವವರ ತೊಡಕು ಬೇರೆ ಬಗೆಯದು. ವಿಮಾ ನಿಯಂತ್ರಣ ಪ್ರಾಧಿಕಾರವು ಜನ್ಮಜಾತ ದೋಷಗಳನ್ನು ಎರಡಾಗಿ ವಿಂಗಡಿಸಿದೆ. ಕಣ್ಣಿಗೆ ಕಾಣುವ, ಹೊರಗಿನಿಂದ ಮುಟ್ಟಬಹುದಾದ ಅಂಗದಲ್ಲಿದ್ದರೆ ಬಾಹ್ಯ, ಹಾಗಲ್ಲದಿದ್ದರೆ ಆಂತರಿಕ. ಸೀಳುತುಟಿ ಬಾಹ್ಯ, ಹೃದಯದ ರಂಧ್ರ ಆಂತರಿಕ. ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಹೊರಗಿಡುವುದು ಬಾಹ್ಯ ದೋಷಗಳನ್ನು. ‘ಜನ್ಮಜಾತ’ ಎಂಬ ಪದವನ್ನಷ್ಟೇ ನೋಡಿ ಹಣ ನಿರಾಕರಿಸಿದ್ದರೆ ಪಾಲಿಸಿಯ ಆ ಸಾಲನ್ನು ಪೂರ್ತಿಯಾಗಿ ಓದಿ, ‘ಆಂತರಿಕ ದೋಷ’ ಎಂಬುದನ್ನು ಎತ್ತಿ ತೋರಿಸಿ ಮರುಪರಿಶೀಲನೆ ಕೇಳಬೇಕು. ಅದೂ ಫಲಿಸದಿದ್ದರೆ ವಿಮಾ ಓಂಬುಡ್ಸ್‌ಮನ್ ಬೆಂಗಳೂರಿನಲ್ಲಿದ್ದಾರೆ. ಅಲ್ಲಿ ದೂರಿಗೆ ಶುಲ್ಕವಿಲ್ಲ.

ಮೂವತ್ತೈದು ವರ್ಷದ ರೈತ ಮಹಿಳೆಯೊಬ್ಬಳಿಗೆ ದಣಿವೆಂದು ಪರೀಕ್ಷಿಸಿದಾಗ ಎಎಸ್‌ಡಿ ಪತ್ತೆಯಾಯಿತೆಂದು ಇಟ್ಟುಕೊಳ್ಳೋಣ. ಇಂಥವು ಅಪರೂಪವಲ್ಲ. ಎಷ್ಟು ದಿನದಿಂದ ಇದೆ ಎಂಬ ಅಂಕಣದಲ್ಲಿ ವೈದ್ಯರು ಸಹಜವಾಗಿಯೇ ‘ಹುಟ್ಟಿನಿಂದ’ ಎಂದು ಬರೆಯುತ್ತಾರೆ. ವೈದ್ಯಕೀಯವಾಗಿ ಅದು ಸತ್ಯವೂ ಹೌದು. ಆದರೆ ಅದನ್ನು ಓದಿದ ವಿಮಾ ಕಚೇರಿಯವರು ‘ಪಾಲಿಸಿ ಮಾಡಿಸುವ ಮೊದಲೇ ಇದ್ದ ರೋಗ’ ಎಂದು ಷರಾ ಹಾಕುತ್ತಾರೆ. ನಿಯಮ ಹೇಳುವುದು ಬೇರೆ. 2024ರಿಂದ ಜಾರಿಯಲ್ಲಿರುವ ವ್ಯಾಖ್ಯೆಯಂತೆ ‘ಮೊದಲೇ ಇದ್ದ ರೋಗ’ವೆಂದರೆ ಪಾಲಿಸಿ ಆರಂಭಕ್ಕೆ ಹಿಂದಿನ 36 ತಿಂಗಳೊಳಗೆ ವೈದ್ಯರು ಪತ್ತೆಮಾಡಿದ್ದ, ಇಲ್ಲವೇ ವೈದ್ಯರ ಸಲಹೆ ಅಥವಾ ಚಿಕಿತ್ಸೆ ದೊರೆತಿದ್ದ ರೋಗ. ಅಂದರೆ ರೋಗ ಇದ್ದುದು ಮುಖ್ಯವಲ್ಲ, ಗೊತ್ತಾದದ್ದು ಮುಖ್ಯ. ಆದ್ದರಿಂದ ‘ಜನ್ಮಜಾತ, ಮೊದಲ ಬಾರಿಗೆ ಪತ್ತೆಯಾದ ದಿನಾಂಕ ಇಂಥದು’ ಎಂದು ಎರಡನ್ನೂ ಬರೆಯಲು ವೈದ್ಯರನ್ನು ವಿನಂತಿಸಬೇಕು. ದಿನಾಂಕ ನಿಜವಾಗಿರಬೇಕೆಂದು ಬೇರೆ ಹೇಳಬೇಕಾಗಿಲ್ಲವಷ್ಟೆ.

ಬೇರೆ ಹೇಳಬೇಕಾದದ್ದೂ ಒಂದಿದೆ. ಪ್ಯಾಕೇಜಿಗೆ ಹೊಂದುವಂತೆ ರೋಗದ ಹೆಸರನ್ನು ಬದಲಿಸಿ ಬರೆದುಕೊಡಿರೆಂದು ವೈದ್ಯರನ್ನು ಒತ್ತಾಯಿಸುವವರಿದ್ದಾರೆ. ತಾವಾಗಿಯೇ ಹಾಗೆ ಸೂಚಿಸುವ ಮಧ್ಯವರ್ತಿಗಳೂ ಇದ್ದಾರೆ. ಹಣದ ಸಂಕಟ ನಮಗೆ ತಿಳಿಯದ್ದಲ್ಲ. ಆದರೂ ಇದಕ್ಕೆ ಒಪ್ಪಲೇಬಾರದೆಂಬುದು ನಮ್ಮ ಖಚಿತ ಅಭಿಪ್ರಾಯ. ಮುಂದೆ ಆ ಮಗುವಿಗೆ ಬೇರೊಂದು ಆಸ್ಪತ್ರೆಯಲ್ಲಿ ಮತ್ತೆ ಎದೆ ತೆರೆಯಬೇಕಾಗಿ ಬಂದಾಗ, ಅಲ್ಲಿನ ಶಸ್ತ್ರತಜ್ಞರು ಓದುವುದು ಇದೇ ಸುಳ್ಳು ದಾಖಲೆಯನ್ನು.

ಹಣ ಕೊಟ್ಟು ಮಾಡಿಸುವವರು ಅಂದಾಜು ಪತ್ರವನ್ನು ಪಡೆಯುವಾಗ ಇದು ಒಟ್ಟು ಪ್ಯಾಕೇಜೋ ಅಥವಾ ದಿನದ ಲೆಕ್ಕದ ಬಿಲ್ಲೋ ಎಂದು ಕೇಳಬೇಕು. ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಹೃದಯ ಮತ್ತು ಶ್ವಾಸಕೋಶಗಳ ಕೆಲಸವನ್ನು ಯಂತ್ರವೊಂದು ಮಾಡುತ್ತದೆ. ಅದಕ್ಕೆ ಜೋಡಿಸುವ ಆಕ್ಸಿಜನೇಟರ್ ಒಮ್ಮೆ ಬಳಸಿ ಎಸೆಯುವಂಥದು. ತೇಪೆ, ಕವಾಟ, ಸಾಧನ, ರಕ್ತದ ಘಟಕಗಳು, ವೆಂಟಿಲೇಟರಿನ ದಿನಗಳು ಇವೇ ಬಿಲ್ಲನ್ನು ಏರಿಸುವ ಬಾಬುಗಳು. ಪ್ಯಾಕೇಜಿನಲ್ಲಿ ಐಸಿಯುವಿನ ಎಷ್ಟು ದಿನಗಳು ಸೇರಿವೆ, ಅದಕ್ಕೆ ಮೀರಿದರೆ ದಿನಕ್ಕೆಷ್ಟು ಎಂಬ ಒಂದು ಪ್ರಶ್ನೆ ಉಳಿದ ಹತ್ತು ಪ್ರಶ್ನೆಗಳಿಗಿಂತ ಬೆಲೆಯುಳ್ಳದ್ದು. ಕೋಣೆಯ ಆಯ್ಕೆಯಲ್ಲಿಯೂ ಎಚ್ಚರವಿರಲಿ. ವಿಮೆಯಲ್ಲಿ ಕೋಣೆಯ ಬಾಡಿಗೆಗೆ ಮಿತಿಯಿದ್ದು, ಅದಕ್ಕಿಂತ ದುಬಾರಿ ಕೋಣೆಯನ್ನು ಹಿಡಿದರೆ ವೈದ್ಯರ ಶುಲ್ಕವೇ ಮೊದಲಾದವುಗಳಲ್ಲಿಯೂ ಅದೇ ಪ್ರಮಾಣದಲ್ಲಿ ಕಡಿತವಾಗುತ್ತದೆ. ಔಷಧ, ಸಾಮಗ್ರಿ, ಅಳವಡಿಸುವ ಸಾಧನಗಳು ಹಾಗೂ ಐಸಿಯು ವೆಚ್ಚದಲ್ಲಿ ಮಾತ್ರ ಹಾಗೆ ಕಡಿಯುವಂತಿಲ್ಲ. ಬಿಲ್ಲಿನಲ್ಲಿ ಕಡಿದಿದ್ದರೆ ಪ್ರಶ್ನಿಸಿರಿ.

ಅಮೆರಿಕದಲ್ಲಿ ಮಕ್ಕಳು, ಮೊಮ್ಮಕ್ಕಳಿರುವ ಕುಟುಂಬಗಳಿಗಾಗಿ ಎರಡು ಮಾತು. ಅಲ್ಲಿ ಚಿಕಿತ್ಸೆಗೆ ಐದಂಕಿಯ ಸಿಪಿಟಿ ಸಂಕೇತಗಳಿವೆ. ವಿಎಸ್‌ಡಿ ಮುಚ್ಚುವುದಕ್ಕೆ 33681, ಎಎಸ್‌ಡಿಗೆ 33641. ಆಸ್ಪತ್ರೆಯ ಬಿಲ್ಲು ಒಂದು, ವೈದ್ಯರ ಬಿಲ್ಲು ಇನ್ನೊಂದಾಗಿ ಬರುವುದುಂಟು. ಪಿಎಫ್‌ಒಗೆ ಅಲ್ಲಿ 2022ರ ಅಕ್ಟೋಬರ್‌ನಿಂದ ಕ್ಯೂ 21.12 ಎಂಬ ಪ್ರತ್ಯೇಕ ಸಂಖ್ಯೆಯನ್ನೇ ಕೊಟ್ಟಿದ್ದಾರೆ. ಮೊದಲೇ ಇದ್ದ ರೋಗವೆಂದು 2014ರ ನಂತರ ಅಲ್ಲಿ ವಿಮೆ ನಿರಾಕರಿಸುವಂತಿಲ್ಲ. ಆದರೆ ಉದ್ಯೋಗದಾತರ ವಿಮೆಗೆ ನವಜಾತ ಶಿಶುವನ್ನು ಸಾಮಾನ್ಯವಾಗಿ 30 ದಿನಗಳೊಳಗೆ ಸೇರಿಸಲೇಬೇಕು. ಬಾಣಂತನಕ್ಕೆಂದು ಹೋದ ಅಜ್ಜಿಯಂದಿರು ಇದನ್ನು ನೆನಪಿಸಿದರೆ ಅದೂ ಒಂದು ಬಾಣಂತನವೇ.

ಕೊನೆಯದಾಗಿ ಕಡತದ ಮಾತು. ಟೆಟ್ರಾಲಜಿಯ ಶಸ್ತ್ರಚಿಕಿತ್ಸೆ ಆದ ಮಕ್ಕಳಲ್ಲಿ ಅನೇಕರಿಗೆ ಯೌವನದಲ್ಲಿ ಅಥವಾ ಆಮೇಲೆ ಪುಪ್ಪುಸ ಕವಾಟವನ್ನು ಬದಲಿಸಬೇಕಾಗಿ ಬರುತ್ತದೆ. ಆಗ ಹಳೆಯ ಶಸ್ತ್ರಚಿಕಿತ್ಸೆಯ ಟಿಪ್ಪಣಿ ಬೇಕೇ ಬೇಕು. ಆದರೆ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯಂತೆ ಒಳರೋಗಿಗಳ ದಾಖಲೆಗಳನ್ನು ಇಟ್ಟುಕೊಳ್ಳಬೇಕಾದ ಕಡ್ಡಾಯ ಅವಧಿ ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷ ಮಾತ್ರ. ಅದೇ ನಿಯಮಾವಳಿ, ರೋಗಿ ಕೇಳಿದ 72 ಗಂಟೆಗಳೊಳಗೆ ದಾಖಲೆಗಳನ್ನು ಕೊಡಬೇಕೆಂದೂ ಹೇಳುತ್ತದೆ. ಡಿಸ್ಚಾರ್ಜ್ ಸಮ್ಮರಿ ತಾನಾಗಿ ಕೈಗೆ ಬರುತ್ತದೆ. ಶಸ್ತ್ರಚಿಕಿತ್ಸೆಯ ಟಿಪ್ಪಣಿಯನ್ನು ಕೇಳಿ ಪಡೆಯಬೇಕು. ಹಾಕಿದ ಸಾಧನ ಅಥವಾ ಕವಾಟದ ಪೊಟ್ಟಣದ ಮೇಲೆ ಅದರ ಗಾತ್ರ ಮತ್ತು ಕ್ರಮಸಂಖ್ಯೆಯ ಚೀಟಿ ಅಂಟಿಸಿರುತ್ತದೆ. ಅದರ ಒಂದು ಪ್ರತಿಯನ್ನೂ ಪಡೆಯಿರಿ. ಇವನ್ನೆಲ್ಲ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಂಡು, ಮೂಲಪ್ರತಿಗಳನ್ನು ಹೊಲಮನೆಯ ಪತ್ರಗಳಿರುವ ಪೆಟ್ಟಿಗೆಯಲ್ಲಿಯೇ ಇಡಿರಿ.